ಪರದೇಶದ ಸ್ನೇಹಿತರ ಮನೆಯಲ್ಲಿ ಉಳಿದು ಪ್ರಾಚೀನ ತಾಣ, ಆರಾಧನಾ ಸ್ಥಳಗಳನ್ನು ನೋಡುವ ಬಗೆ

ಪ್ರವಾಸ ಕಂಪನಿಯ ಬಸ್ಸಿನಲ್ಲಿ ಹೋಗುವವರಿಗೆ ಇಲ್ಲದ ಒಂದು ಅನುಕೂಲ ಪರದೇಶದಲ್ಲಿ ನೆಲೆಸಿರುವ ಸ್ನೇಹಿತರ ಮನೆಗೆ ಹೋಗುವವರಿಗೆ ಇರುತ್ತದೆ. ಆ ಊರಿನ ಭಾಷೆ ಬಲ್ಲ, ಅಲ್ಲಿನ ರಜೆ ಮತ್ತು ಹಬ್ಬಗಳ ಲೆಕ್ಕ ಗೊತ್ತಿರುವ ಒಬ್ಬರು ಮನೆಯಲ್ಲೇ ಸಿಗುತ್ತಾರೆ. ಅದರ ಜೊತೆಗೇ ಒಂದು ಕಟ್ಟುಪಾಡೂ ಬರುತ್ತದೆ. ಅವರಿಗೆ ಕೆಲಸವಿದೆ, ಮಕ್ಕಳ ಶಾಲೆಯಿದೆ, ಮತ್ತು ನೀವು ನೋಡಲು ಹಂಬಲಿಸುತ್ತಿರುವ ಕಟ್ಟಡವನ್ನು ಅವರು ಹಿಂದೆ ಬಂದ ಅತಿಥಿಗಳೊಂದಿಗೆ ಸಾಕೆನಿಸುವಷ್ಟು ಬಾರಿ ನೋಡಿರಬಹುದು. ಆದ್ದರಿಂದ ಸ್ನೇಹಿತರನ್ನು ಗೈಡ್ ಮಾಡಿಕೊಳ್ಳದೆ, ಅವರಿಂದ ದಿನ-ವೇಳೆಗಳ ತಿಳಿವಳಿಕೆಯನ್ನೂ ಭಾಷೆಯ ನೆರವನ್ನೂ ಪಡೆದು, ಚರಿತ್ರೆಯನ್ನು ತಾವೇ ಓದಿಕೊಂಡು ಹೋಗುವುದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಮುಂದೆ ಹೇಳಿರುವ ಕ್ರಮವೆಲ್ಲ ಈ ಅಭಿಪ್ರಾಯವನ್ನೇ ಅನುಸರಿಸಿದೆ.

ಮೊದಲು ಕಾಗದಪತ್ರ

ಹೋಟೆಲಿನಲ್ಲಿ ತಂಗುವವರ ವಿವರಗಳನ್ನು ಹೋಟೆಲಿನವರೇ ಸರ್ಕಾರಕ್ಕೆ ಕೊಡುತ್ತಾರೆ. ಮನೆಯಲ್ಲಿ ತಂಗಿದಾಗ ಆ ಕೆಲಸ ಮನೆಯವರ ಮೇಲೆ ಬೀಳುತ್ತದೆ, ಮತ್ತು ಹಲವರಿಗೆ ಇದು ಗೊತ್ತೇ ಇರುವುದಿಲ್ಲ. ಫ್ರಾನ್ಸಿನಲ್ಲಿ ಸ್ನೇಹಿತರ ಮನೆಯಲ್ಲಿ ಉಳಿಯುವುದಾಗಿ ಹೇಳಿ ವೀಸಾ ಕೇಳುವವರು, ಆ ಸ್ನೇಹಿತರು ತಮ್ಮ ಊರಿನ ಪುರಸಭೆಯಲ್ಲಿ ಅರ್ಜಿ ಹಾಕಿ ಪಡೆದ ಆತಿಥ್ಯದ ಪ್ರಮಾಣಪತ್ರವನ್ನು ಲಗತ್ತಿಸಬೇಕಾಗುತ್ತದೆ. ಅದು ಕೈಗೆ ಬರಲು ವಾರಗಳೇ ಹಿಡಿಯಬಹುದು. ಸ್ಪೇನಿನಲ್ಲಿ ಆಹ್ವಾನ ಪತ್ರವನ್ನು ಪೊಲೀಸರ ಮೂಲಕ ಪಡೆಯಬೇಕು. ಇಟಲಿಯಲ್ಲಿ ಯೂರೋಪ್ ಒಕ್ಕೂಟದ ಹೊರಗಿನ ಅತಿಥಿಯನ್ನು ಮನೆಯಲ್ಲಿ ಇರಿಸಿಕೊಂಡವರು 48 ಗಂಟೆಗಳೊಳಗೆ ಸ್ಥಳೀಯ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವಿದೆ. ಹೀಗಾಗಿ ವಿಮಾನದ ಟಿಕೆಟ್ ಕೊಳ್ಳುವುದಕ್ಕಿಂತ ಮೊದಲೇ ಈ ಒಂದು ಪ್ರಶ್ನೆಯನ್ನು ಸ್ನೇಹಿತರ ಮುಂದಿಟ್ಟು, ಅವರು ಎಲ್ಲೆಲ್ಲಿಗೆ ಅಲೆಯಬೇಕಾದೀತು ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಯಾವ ಸ್ಥಳ, ಯಾರ ಜೊತೆ

ನೋಡಬೇಕಾದ ಸ್ಥಳಗಳ ಪಟ್ಟಿ ಮಾಡುವಾಗ ಅದನ್ನು ಎರಡಾಗಿ ವಿಂಗಡಿಸಿ: ಒಬ್ಬರೇ ಹೋಗುವಂಥವು, ಸ್ನೇಹಿತರೊಂದಿಗೆ ಹೋಗುವಂಥವು. ಪ್ರಸಿದ್ಧ ಅವಶೇಷಗಳಿಗೆ ವಾರದ ನಡುವೆ, ಸ್ನೇಹಿತರು ಕೆಲಸಕ್ಕೆ ಹೋಗಿರುವಾಗ, ಒಬ್ಬರೇ ಹೋಗುವುದು ಒಳ್ಳೆಯದು. ಅಲ್ಲಿ ಸೂಚನಾ ಫಲಕಗಳಿರುತ್ತವೆ, ಆಡಿಯೊ ಗೈಡ್ ಸಿಗುತ್ತದೆ, ಜನಸಂದಣಿಯೂ ವಾರಾಂತ್ಯಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಒಂದು ಮುರಿದ ಕಂಬದ ಮುಂದೆ ಅರ್ಧ ಗಂಟೆ ನಿಂತರೂ ಯಾರೂ ಗಡಿಯಾರ ನೋಡುವುದಿಲ್ಲ. ಭಾಷೆ ಬೇಕಾಗುವ ಸ್ಥಳಗಳನ್ನು ಸ್ನೇಹಿತರ ಬಿಡುವಿನ ದಿನಕ್ಕೆ ಉಳಿಸಿಕೊಳ್ಳಿ. ಕಾವಲುಗಾರರನ್ನು ಕೇಳಿ ಬೀಗ ತೆಗೆಸಬೇಕಾದ ಹಳ್ಳಿಯ ಹಳೆಯ ಚರ್ಚು, ಬಸ್ಸು ಬದಲಿಸಿ ಹೋಗಬೇಕಾದ ಮಠ, ಫಲಕವೇ ಇಲ್ಲದ ಸಮಾಧಿ, ಇಂಥವು.

"ನನಗೆ ಏನು ತೋರಿಸುತ್ತೀರಿ?" ಎಂದು ಕೇಳುವುದಕ್ಕಿಂತ "ಇಲ್ಲಿ ನೀವು ಇನ್ನೂ ನೋಡದೆ ಉಳಿಸಿರುವುದು ಯಾವುದು?" ಎಂದು ಕೇಳಿ ನೋಡಿ. ಊರಿನಲ್ಲೇ ಇರುವವರು ಪಕ್ಕದ ಸ್ಮಾರಕವನ್ನು ಮುಂದಿನ ವಾರ, ಮುಂದಿನ ವರ್ಷ ಎಂದು ಮುಂದೂಡುತ್ತಲೇ ಇರುವುದು ಸಾಮಾನ್ಯ. ಅಂಥದೊಂದನ್ನು ಜೊತೆಗೆ ನೋಡಿದರೆ ಇಬ್ಬರಿಗೂ ಅದು ಹೊಸತು.

ಆರಾಧನಾ ಸ್ಥಳದ ವಿಷಯದಲ್ಲಿ ಸ್ನೇಹಿತರ ನಂಬಿಕೆಯನ್ನೂ ಗಮನಿಸಬೇಕು. ಜೆರುಸಲೇಮಿನಲ್ಲಿ ಮುಸ್ಲಿಮರಿಗೆ ಹರಮ್ ಅಲ್-ಶರೀಫ್, ಯಹೂದಿಗಳಿಗೆ ದೇವಾಲಯದ ಬೆಟ್ಟ ಆಗಿರುವ ಎತ್ತರದ ಅಂಗಳಕ್ಕೆ, ಅದು ತೀರ ಪವಿತ್ರವೆಂಬ ಕಾರಣಕ್ಕಾಗಿಯೇ, ಅನೇಕ ಸಂಪ್ರದಾಯಸ್ಥ ಯಹೂದಿಗಳು ಕಾಲಿಡುವುದಿಲ್ಲ. ಅಂಥ ಸ್ನೇಹಿತರನ್ನು ಜೊತೆಗೆ ಬನ್ನಿರೆಂದು ಒತ್ತಾಯಿಸಿದರೆ ಅವರನ್ನು ಸಂಕಟಕ್ಕೆ ಸಿಲುಕಿಸಿದಂತಾಗುತ್ತದೆ. ಕೆಲವು ಕಡೆ ನಿರ್ಬಂಧ ಅತಿಥಿಗೇ ಅನ್ವಯಿಸುತ್ತದೆ. ಕಠ್ಮಂಡುವಿನ ಪಶುಪತಿನಾಥ ದೇವಾಲಯದ ಒಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ. ಮೆಕ್ಕಾ ನಗರಕ್ಕೆ ಮುಸ್ಲಿಮರಲ್ಲದವರು ಹೋಗುವಂತಿಲ್ಲ. ಗ್ರೀಸಿನ ಅಥೋಸ್ ಪರ್ವತದ ಮಠಗಳಿಗೆ ಹೆಂಗಸರಿಗೆ ಪ್ರವೇಶವಿಲ್ಲ, ಗಂಡಸರಿಗೂ ಮುಂಗಡ ಪರವಾನಗಿ ಬೇಕು. ಇವುಗಳ ಬಗ್ಗೆ ಬಾಗಿಲಲ್ಲಿ ನಿಂತು ವಾದಿಸಿ ಫಲವಿಲ್ಲ, ಜೊತೆಯಲ್ಲಿರುವ ಸ್ನೇಹಿತರಿಗೆ ಮುಜುಗರವಷ್ಟೇ.

ದಿನ ಗೊತ್ತುಪಡಿಸುವುದು

ಈ ಬಗೆಯ ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಪ್ರವಾಸಿಗಳು ದೂರವನ್ನು ಲೆಕ್ಕ ಹಾಕುತ್ತಾರೆಯೇ ಹೊರತು ವಾರವನ್ನು ಲೆಕ್ಕ ಹಾಕುವುದಿಲ್ಲ. ಪೂಜೆ-ಪ್ರಾರ್ಥನೆ ಇಂದಿಗೂ ನಡೆಯುತ್ತಿರುವ ಕಟ್ಟಡಕ್ಕೆ ತನ್ನದೇ ಆದ ವಾರವಿದೆ, ಮತ್ತು ಆ ವಾರ ಎಲ್ಲ ಧರ್ಮಗಳಿಗೂ ಒಂದೇ ಅಲ್ಲ.

ಮಸೀದಿಗಳಲ್ಲಿ ದಿನಕ್ಕೆ ಐದು ಬಾರಿ ನಮಾಜಿನ ಹೊತ್ತಿಗೆ ಸಂದರ್ಶಕರನ್ನು ತಡೆಯುವುದುಂಟು. ಆ ಹೊತ್ತುಗಳು ಸೂರ್ಯನನ್ನು ಅನುಸರಿಸುವುದರಿಂದ ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಸರಿಯುತ್ತವೆ, ಆದ್ದರಿಂದ ಕಳೆದ ಚಳಿಗಾಲದಲ್ಲಿ ಹೋಗಿ ಬಂದವರು ಹೇಳಿದ ವೇಳೆ ಬೇಸಿಗೆಗೆ ಹೊಂದುವುದಿಲ್ಲ. ಇಸ್ತಾಂಬುಲಿನ ನೀಲಿ ಮಸೀದಿಯಂಥ ಕಡೆ ಶುಕ್ರವಾರದ ಬೆಳಗನ್ನು ಬಿಟ್ಟು, ಮಧ್ಯಾಹ್ನದ ಸಾಮೂಹಿಕ ನಮಾಜು ಮುಗಿದ ಮೇಲೆ ಹೋಗುವುದು ಮೇಲು. ರಂಜಾನ್ ತಿಂಗಳು ಚಾಂದ್ರಮಾನದ್ದಾದುದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಆಗ ಸ್ಮಾರಕ, ಮ್ಯೂಸಿಯಂಗಳ ವೇಳೆಯೂ ಅನೇಕ ದೇಶಗಳಲ್ಲಿ ಮೊಟಕಾಗುತ್ತದೆ.

ಜೆರುಸಲೇಮಿನಲ್ಲಿ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್. ಆಗ ಬಸ್ಸುಗಳು ಬಹುಪಾಲು ನಿಂತಿರುತ್ತವೆ, ಯಹೂದಿಗಳು ಪ್ರಾರ್ಥಿಸುವ ಪಶ್ಚಿಮ ಗೋಡೆಯ ಬಳಿ ಫೋಟೊ ತೆಗೆಯುವುದಕ್ಕೂ ಅನುಮತಿ ಇರುವುದಿಲ್ಲ. ಹಿಂದೆ ಹೇಳಿದ ಎತ್ತರದ ಅಂಗಳವಂತೂ ಮುಸ್ಲಿಮೇತರ ಸಂದರ್ಶಕರಿಗೆ ಶುಕ್ರವಾರ, ಶನಿವಾರ ಎರಡೂ ದಿನ ಮುಚ್ಚಿರುತ್ತದೆ. ವಾರಾಂತ್ಯವನ್ನೇ ನಂಬಿ ಬಂದವರು ಅಲ್ಲಿ ಅರ್ಧ ಊರನ್ನು ಕಳೆದುಕೊಳ್ಳುತ್ತಾರೆ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಭಾನುವಾರ ಹೋಗಬಹುದು, ಆದರೆ ಪ್ರಾರ್ಥನೆಗೆ ಮಾತ್ರ. ಸುತ್ತಾಡಿ ನೋಡುವುದಕ್ಕೆ ಅಲ್ಲ. ರೋಮಿನಲ್ಲಿ ಬುಧವಾರದ ಬೆಳಗ್ಗೆ ಪೋಪರ ಸಾರ್ವಜನಿಕ ದರ್ಶನವಿದ್ದರೆ ಸೇಂಟ್ ಪೀಟರ್ಸ್ ಚೌಕದ ತುಂಬ ಜನ. ವ್ಯಾಟಿಕನ್ ಮ್ಯೂಸಿಯಂಗಳಿಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತ ಪ್ರವೇಶವಿರುತ್ತದೆ. ಈ ಉಚಿತ ದಿನವನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಏಕೆಂದರೆ ಉಳಿಸಿದ ಹಣಕ್ಕಿಂತ ಸರತಿಯಲ್ಲಿ ಕಳೆದ ಹೊತ್ತಿನ ಬೆಲೆ ಹೆಚ್ಚು. ಈಸ್ಟರ್ ಹಬ್ಬದ ವಿಷಯದಲ್ಲೂ ಎಚ್ಚರ ಬೇಕು. ಪಾಶ್ಚಾತ್ಯ ಚರ್ಚುಗಳ ಮತ್ತು ಆರ್ಥೊಡಾಕ್ಸ್ ಚರ್ಚುಗಳ ಲೆಕ್ಕ ಬೇರೆ ಬೇರೆ. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೆ ಬಂದರೆ, 2026ರಲ್ಲಿ ಒಂದು ಏಪ್ರಿಲ್ 5ಕ್ಕೆ, ಇನ್ನೊಂದು ಏಪ್ರಿಲ್ 12ಕ್ಕೆ. ಗ್ರೀಸಿನಲ್ಲಿರುವ ಸ್ನೇಹಿತರ ಮನೆಗೆ ಹೋಗುವವರು ನೋಡಬೇಕಾದದ್ದು ಎರಡನೆಯದನ್ನು.

ಅದೇ ಗ್ರೀಸಿನ ಮೆಟಿಯೊರಾದಲ್ಲಿ ಕಡಿದಾದ ಬಂಡೆಗಳ ನೆತ್ತಿಯ ಮೇಲೆ ಇಂದಿಗೂ 6 ಮಠಗಳು ನಡೆಯುತ್ತಿವೆ. ಹಿಂದೆ ಸನ್ಯಾಸಿಗಳನ್ನೂ ಸಾಮಾನುಗಳನ್ನೂ ಬಲೆಯಲ್ಲಿ ಕೂರಿಸಿ ಹಗ್ಗದಿಂದ ಮೇಲಕ್ಕೆ ಎಳೆಯುತ್ತಿದ್ದರು. ಮೆಟ್ಟಿಲುಗಳನ್ನು ಕಡಿದದ್ದು 20ನೇ ಶತಮಾನದಲ್ಲಿ. ಈ ಆರು ಮಠಗಳ ವಾರದ ರಜೆ ಒಂದೇ ದಿನ ಬರುವುದಿಲ್ಲ, ಚಳಿಗಾಲಕ್ಕೂ ಬೇಸಿಗೆಗೂ ಅದು ಬದಲಾಗುವುದೂ ಉಂಟು. ಒಂದೇ ದಿನದಲ್ಲಿ ಆರನ್ನೂ ಮುಗಿಸುವ ಹಟವನ್ನು ಬಿಟ್ಟು, ಯಾವುದು ತೆರೆದಿದೆಯೋ ಅದರಲ್ಲಿ ಎರಡು ಮೂರನ್ನು ನಿಧಾನವಾಗಿ ನೋಡಿ.

ಟಿಕೆಟ್ ಕಾಯ್ದಿರಿಸುವಾಗ

ದೊಡ್ಡ ತಾಣಗಳು ಈಗ ಬಹುಮಟ್ಟಿಗೆ ಗಂಟೆಯ ಲೆಕ್ಕದಲ್ಲಿ ಟಿಕೆಟ್ ಕೊಡುತ್ತವೆ. ಅಥೆನ್ಸಿನ ಅಕ್ರೊಪೊಲಿಸ್‌ನಲ್ಲಿ 2023ರಿಂದ ದಿನಕ್ಕೆ ಗರಿಷ್ಠ 20,000 ಜನರೆಂಬ ಮಿತಿಯೂ ಗಂಟೆವಾರು ಪ್ರವೇಶವೂ ಜಾರಿಗೆ ಬಂದಿವೆ. ಉಷ್ಣ ಅಲೆಯ ದಿನಗಳಲ್ಲಿ ನಡುಮಧ್ಯಾಹ್ನ ಅದನ್ನು ಮುಚ್ಚಿಬಿಡುವುದೂ ಇದೆ, ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಮೊದಲ ಗಂಟೆಯನ್ನೇ ಆರಿಸಿಕೊಳ್ಳಿ. ಪೆರುವಿನ ಮಾಚು ಪಿಚುವಿನಲ್ಲಿ ಟಿಕೆಟ್ಟಿನ ಮೇಲಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಹೊಂದಬೇಕು, ಒಳಗೆ ನಡೆಯುವ ದಾರಿಯನ್ನೂ ಕೊಳ್ಳುವಾಗಲೇ ಆರಿಸಬೇಕು. ನಿಮ್ಮ ಪರವಾಗಿ ಸ್ನೇಹಿತರು ಟಿಕೆಟ್ ಕೊಳ್ಳುವುದಾದರೆ ಹೆಸರನ್ನು ಬಾಯಲ್ಲಿ ಹೇಳದೆ ಪಾಸ್‌ಪೋರ್ಟಿನ ಪುಟದ ಚಿತ್ರವನ್ನೇ ಕಳಿಸಿ. ಮನೆಯಲ್ಲಿ ಕರೆಯುವ ಹೆಸರು ಟಿಕೆಟ್ಟಿನ ಮೇಲೆ ಬಂದರೆ ಗೇಟಿನವರು ಒಪ್ಪುವುದಿಲ್ಲ.

ಮನೆಯಲ್ಲಿ ಹೆಚ್ಚು ದಿನ ಉಳಿಯುವವರಿಗೆ ಲಾಭವಾಗುವ ಪಾಸ್‌ಗಳೂ ಇವೆ. ಕಾಂಬೋಡಿಯಾದ ಪ್ರಾಚೀನ ದೇವಾಲಯಗಳ ತಾಣವಾದ ಅಂಗ್ಕೋರ್‌ಗೆ 1, 3 ಮತ್ತು 7 ದಿನಗಳ ಪಾಸ್ ಸಿಗುತ್ತದೆ. ಮೂರು ದಿನದ ಪಾಸನ್ನು 10 ದಿನಗಳ ಒಳಗೆ, ಏಳು ದಿನದ್ದನ್ನು ಒಂದು ತಿಂಗಳ ಒಳಗೆ ಯಾವ ದಿನಗಳಲ್ಲಿ ಬೇಕಾದರೂ ಬಳಸಬಹುದು, ಒಂದರ ಹಿಂದೊಂದು ದಿನ ಹೋಗಲೇಬೇಕೆಂದಿಲ್ಲ. ಎರಡು ದಿನ ಸುತ್ತಾಡಿ, ಒಂದು ದಿನ ಮನೆಯಲ್ಲಿ ಸ್ನೇಹಿತರೊಂದಿಗೆ ಕಳೆದು, ಮತ್ತೆ ಹೋಗುವುದಕ್ಕೆ ಇದಕ್ಕಿಂತ ಅನುಕೂಲ ಬೇರೆಯಿಲ್ಲ. ಜೋರ್ಡಾನಿನ ಪೆಟ್ರಾ ನೋಡಲು ಹೊರಟವರು, ಕನಿಷ್ಠ 3 ರಾತ್ರಿ ಆ ದೇಶದಲ್ಲಿ ಉಳಿಯುವುದಾದರೆ, ವೀಸಾ ಶುಲ್ಕವೂ ಸೇರಿರುವ ಜೋರ್ಡಾನ್ ಪಾಸನ್ನು ಹೊರಡುವ ಮೊದಲೇ ಕೊಂಡುಕೊಳ್ಳಬಹುದು.

ಬಾಗಿಲ ಬಳಿ "ಇವತ್ತು ಒಳಗೆ ಬಿಡುವುದಿಲ್ಲ, ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ" ಎನ್ನುವವರನ್ನು ನಂಬಬೇಡಿ. ಬ್ಯಾಂಕಾಕಿನ ಅರಮನೆಯ ಸುತ್ತಮುತ್ತ ಇದು ಹಳೆಯ ತಂತ್ರ. ಅನುಮಾನ ಬಂದರೆ ಗೇಟಿನವರೆಗೆ ನಡೆದು ಕಣ್ಣಾರೆ ನೋಡಿ, ಇಲ್ಲವೇ ಸ್ನೇಹಿತರಿಗೆ ಒಂದು ಕರೆ ಮಾಡಿ.

ಉಡುಪು

ಭುಜವೂ ಮೊಣಕಾಲೂ ಮುಚ್ಚುವ, ಸಡಿಲವಾದ ಬಟ್ಟೆಯೊಂದಿದ್ದರೆ ಸೇಂಟ್ ಪೀಟರ್ಸ್ ಬೆಸಿಲಿಕಾದಿಂದ ಅಂಗ್ಕೋರ್ ವಾಟ್‌ನ ಮೇಲಿನ ಹಂತದವರೆಗೆ ಎಲ್ಲ ಕಡೆಯೂ ನಡೆಯುತ್ತದೆ. ಹೆಂಗಸರು ಒಂದು ತೆಳುವಾದ ಶಾಲನ್ನು ಚೀಲದಲ್ಲಿಟ್ಟುಕೊಂಡರೆ ಮಸೀದಿಯಲ್ಲಿ ತಲೆಗೆ, ಚರ್ಚಿನಲ್ಲಿ ಭುಜಕ್ಕೆ ಆಗುತ್ತದೆ. ಮೆಟಿಯೊರಾದಲ್ಲಿ ಪ್ಯಾಂಟು ತೊಟ್ಟು ಬಂದ ಹೆಂಗಸರಿಗೆ ಬಾಗಿಲಲ್ಲೇ ಸುತ್ತಿಕೊಳ್ಳುವ ಲಂಗವನ್ನು ಕೊಡುತ್ತಾರೆ; ಚಡ್ಡಿ ತೊಟ್ಟ ಗಂಡಸರನ್ನು ಹಿಂದಕ್ಕೆ ಕಳಿಸುತ್ತಾರೆ. ಪಶ್ಚಿಮ ಗೋಡೆಯ ಬಳಿ ಗಂಡಸರು ತಲೆ ಮುಚ್ಚಿಕೊಳ್ಳಬೇಕು, ಗುರುದ್ವಾರದಲ್ಲಿ ಎಲ್ಲರೂ. ಸುಲಭವಾಗಿ ಕಳಚುವ ಪಾದರಕ್ಷೆ, ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ನಡೆಯಲು ಒಂದು ಜೊತೆ ಕಾಲುಚೀಲ, ಇಷ್ಟಿದ್ದರೆ ಸಾಕು.

ಅವಶೇಷದ ಮುಂದೆ ನಿಂತಾಗ

ಸ್ಥಳದ ಚರಿತ್ರೆಯನ್ನು ಓದಿಕೊಂಡು ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಏನನ್ನು ಓದಬೇಕೆಂಬುದನ್ನು ಯಾರೂ ಹೇಳುವುದಿಲ್ಲ. ರಾಜವಂಶಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಆ ಕಟ್ಟಡವನ್ನು ಕಟ್ಟಿದವರು ಜನ ಯಾವ ಬಾಗಿಲಿನಿಂದ ಒಳಗೆ ಬರಬೇಕೆಂದು, ಯಾವ ಕಡೆಗೆ ತಿರುಗಿ ನಡೆಯಬೇಕೆಂದು ಬಯಸಿದ್ದರು ಎಂಬುದಷ್ಟು ಗೊತ್ತಿದ್ದರೆ ಕಲ್ಲುಗಳು ಅರ್ಥವಾಗತೊಡಗುತ್ತವೆ.

ಜಾವಾದ ಬೊರೊಬುದುರ್ ಇದಕ್ಕೆ ಒಳ್ಳೆಯ ನಿದರ್ಶನ. 9ನೇ ಶತಮಾನದ ಈ ಬೌದ್ಧ ಸ್ಮಾರಕದ ಗೋಡೆಗಳ ಮೇಲೆ 2,672 ಉಬ್ಬುಶಿಲ್ಪ ಫಲಕಗಳಿವೆ. ಪೂರ್ವದ ಮೆಟ್ಟಿಲಿನಿಂದ ಹತ್ತಿ, ಎಡಕ್ಕೆ ತಿರುಗಿ, ಸ್ಮಾರಕವನ್ನು ಬಲಗಡೆಗೆ ಇಟ್ಟುಕೊಂಡು ಪ್ರದಕ್ಷಿಣೆಯಾಗಿ ನಡೆದರೆ ಮಾತ್ರ ಬುದ್ಧನ ಜೀವನದ ಕಥೆ ಕ್ರಮವಾಗಿ ಬಿಚ್ಚಿಕೊಳ್ಳುತ್ತದೆ. ಬೇರೆ ಕಡೆಯಿಂದ ಹತ್ತಿದವರಿಗೆ ಕಥೆ ಮಧ್ಯದಿಂದಲೋ ಹಿಂದುಮುಂದಾಗಿಯೋ ಕಾಣುತ್ತದೆ. ಕಲ್ಲು ಸವೆಯುತ್ತಿರುವುದರಿಂದ ಈಗ ದಿನಕ್ಕೆ ಮೇಲೆ ಹತ್ತುವವರ ಸಂಖ್ಯೆಯನ್ನು ಮಿತಿಗೊಳಿಸಿದ್ದಾರೆ. ಉಪಾನತ್ ಎಂಬ ಮೆತ್ತನೆಯ ಚಪ್ಪಲಿಯನ್ನು ಅಲ್ಲೇ ಕೊಡುತ್ತಾರೆ, ಗೈಡ್ ಜೊತೆಯಲ್ಲೇ ಹೋಗಬೇಕು. ಗೈಡ್ ಅವಸರಪಡಿಸಿದರೆ ಮೇಲಿನ ಸ್ತೂಪಗಳ ಬಳಿ ಕಳೆಯುವ ಹೊತ್ತನ್ನು ಕಡಿಮೆ ಮಾಡಿ, ಮೊದಲ ಪ್ರಾಕಾರದ ಗೋಡೆಗೆ ಹೆಚ್ಚು ಹೊತ್ತು ಕೇಳಿಕೊಳ್ಳಿ.

ಅಂಗ್ಕೋರ್ ವಾಟ್‌ನಲ್ಲಿ ಕ್ರಮ ಇದಕ್ಕೆ ತದ್ವಿರುದ್ಧ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದ ಈ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ, ಅದರ ಮೊಗಸಾಲೆಗಳ ಶಿಲ್ಪಗಳನ್ನು ಅಪ್ರದಕ್ಷಿಣವಾಗಿ ನೋಡಬೇಕು. ಅಪ್ರದಕ್ಷಿಣೆ ಅಂತ್ಯಕ್ರಿಯೆಗಳಲ್ಲಿ ಬರುವ ಕ್ರಮವಾದ್ದರಿಂದ, ಇದು ರಾಜನ ಸಮಾಧಿ ದೇವಾಲಯವೂ ಆಗಿದ್ದಿರಬೇಕೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ಪಶ್ಚಿಮದ ಬಾಗಿಲಿನಿಂದ ಬಂದು ಬಲಕ್ಕೆ ತಿರುಗಿದರೆ ಮೊದಲು ಕುರುಕ್ಷೇತ್ರ ಯುದ್ಧ, ಆಮೇಲೆ ದಕ್ಷಿಣದಲ್ಲಿ ಸೂರ್ಯವರ್ಮನ ಮೆರವಣಿಗೆ, ಸ್ವರ್ಗ-ನರಕಗಳು, ನಂತರ ಪೂರ್ವದಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರ ಮಥನ. ಸೂರ್ಯೋದಯಕ್ಕೆಂದು ಬಂದ ಜನಸಮೂಹ ಪಶ್ಚಿಮದ ಕೊಳದ ದಂಡೆಯಲ್ಲಿ ನಿಂತಿರುತ್ತದೆ. ಆಗ ಹಿಂಬದಿಯ ಪೂರ್ವ ಮೊಗಸಾಲೆಗೆ ಹೋದರೆ ಎಳೆಬಿಸಿಲು ಓರೆಯಾಗಿ ಶಿಲ್ಪದ ಮೇಲೆ ಬೀಳುತ್ತಿರುತ್ತದೆ. ವಾಸುಕಿಯನ್ನು ಹಿಡಿದೆಳೆಯುವ ಅಸುರರ ಬೆರಳುಗಳು, ನಡುವೆ ನಿಂತ ವಿಷ್ಣು, ಕೆಳಗೆ ಕಡಲಿನ ಸುಳಿಗೆ ಸಿಕ್ಕಿ ತುಂಡಾದ ಮೀನುಗಳು ಆ ಬೆಳಕಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಮತ್ತೆಂದೂ ಕಾಣುವುದಿಲ್ಲ.

ಪದರ ಪದರವಾಗಿ ಬೆಳೆದ ಕಟ್ಟಡಗಳಲ್ಲಿ ಬೇರೊಂದು ಬಗೆಯ ಓದು ಬೇಕು. ಇಸ್ತಾಂಬುಲಿನ ಹಾಗಿಯಾ ಸೋಫಿಯಾ 537ರಲ್ಲಿ ಚರ್ಚಾಗಿ ಪೂರ್ಣಗೊಂಡು, 1453ರಲ್ಲಿ ಮಸೀದಿಯಾಗಿ, 20ನೇ ಶತಮಾನದಲ್ಲಿ ಮ್ಯೂಸಿಯಂ ಆಗಿ, 2020ರಲ್ಲಿ ಮರಳಿ ಮಸೀದಿಯಾಯಿತು. 2024ರ ಜನವರಿಯಿಂದ ವಿದೇಶಿ ಪ್ರವಾಸಿಗಳಿಗೆ ಪ್ರತ್ಯೇಕ ಬಾಗಿಲು, ಟಿಕೆಟ್, ಮತ್ತು ಮೇಲಿನ ಮೊಗಸಾಲೆಗೆ ಮಾತ್ರ ಪ್ರವೇಶ. ನೆಲ ಅಂತಸ್ತಿಗೆ ಹೋಗಲಾಗದೆಂದು ಬೇಸರಪಡಬೇಕಿಲ್ಲ, ಬೈಜಾಂಟೈನ್ ಕಾಲದ ಉತ್ತಮ ಮೊಸಾಯಿಕ್ ಚಿತ್ರಗಳು ಇರುವುದು ಮೇಲೆಯೇ. ಅಲ್ಲಿನ ಅಮೃತಶಿಲೆಯ ಕಟಕಟೆಯ ಮೇಲೆ ನೂರಾರು ವರ್ಷಗಳ ಹಿಂದೆ ವೈಕಿಂಗ್ ಸೈನಿಕನೊಬ್ಬ ತನ್ನ ಲಿಪಿಯಲ್ಲಿ ಹೆಸರನ್ನು ಗೀಚಿ ಹೋಗಿದ್ದಾನೆ. (ಅವನು ಮಾಡಿದ್ದು ಇಂದು ಶಾಸನ, ನೀವು ಮಾಡಿದರೆ ಅಪರಾಧ.)

ಪ್ರಾರ್ಥನೆ ನಡೆಯುತ್ತಿರುವಾಗ

ಪ್ರವಾಸಿಯಾಗಿ ಒಳಗೆ ಹೋಗುವುದು ಬೇರೆ, ಪ್ರಾರ್ಥನೆಗೆ ಹೋಗುವುದು ಬೇರೆ. ಯಾವುದೆಂದು ಬಾಗಿಲಲ್ಲೇ ತೀರ್ಮಾನಿಸಿ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಂಜೆಯ ಗಾಯನ ಪ್ರಾರ್ಥನೆಗೆ ಟಿಕೆಟ್ ಇಲ್ಲ, ಆದರೆ ಕುಳಿತ ಮೇಲೆ ಮುಗಿಯುವವರೆಗೂ ಕುಳಿತಿರಬೇಕು, ಫೋಟೊ ತೆಗೆಯಬಾರದು. ಕ್ಯಾಥೊಲಿಕ್ ಪೂಜೆಗೆ ಸ್ನೇಹಿತರೊಂದಿಗೆ ಹೋದರೆ ಅವರು ಎದ್ದಾಗ ಏಳಿ, ಕುಳಿತಾಗ ಕುಳಿತುಕೊಳ್ಳಿ. ಪಾದ್ರಿಯಿಂದ ಪವಿತ್ರ ರೊಟ್ಟಿ ಸ್ವೀಕರಿಸುವ ಪರಮಪ್ರಸಾದದ ಸಾಲು ಮಾತ್ರ ಕ್ಯಾಥೊಲಿಕರಿಗಾಗಿ ಇರುವಂಥದ್ದು, ಆಗ ಜಾಗದಲ್ಲೇ ಉಳಿಯಿರಿ. ಆರ್ಥೊಡಾಕ್ಸ್ ಚರ್ಚುಗಳಲ್ಲಿ ಮೇಣದ ಬತ್ತಿ ಹಚ್ಚುವುದು ನಂಬಿಕೆಗೆ ಬಿಟ್ಟದ್ದು, ಹಚ್ಚಿದರೆ ಡಬ್ಬಿಗೆ ಹಣ ಹಾಕಿ. ಥಾಯ್ಲೆಂಡಿನ ವಿಹಾರಗಳಲ್ಲಿ ಬುದ್ಧಮೂರ್ತಿಯ ಕಡೆಗೆ ಕಾಲು ಚಾಚಬಾರದು, ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು.

ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚನ್ನು 6 ಕ್ರೈಸ್ತ ಪಂಗಡಗಳು ಹಂಚಿಕೊಂಡಿವೆ, ಬಾಗಿಲಿನ ಕೀಲಿಯ ಹೊಣೆ ತಲೆಮಾರುಗಳಿಂದ ಮುಸ್ಲಿಂ ಕುಟುಂಬಗಳದು. ಮುಂಭಾಗದ ಕಿಟಕಿಯ ಕೆಳಗೆ ಒಂದು ಸಾಧಾರಣ ಮರದ ಏಣಿ ಒರಗಿಸಿಟ್ಟಿರುವುದು ಕಾಣುತ್ತದೆ. ಎಲ್ಲರೂ ಒಪ್ಪದೆ ಏನನ್ನೂ ಕದಲಿಸಬಾರದೆಂಬ ಕರಾರಿನಿಂದಾಗಿ 18ನೇ ಶತಮಾನದಿಂದಲೂ ಅಲ್ಲಿ ಏಣಿ ಇದ್ದೇ ಇದೆ. ಇಂಥ ಜಾಗದಲ್ಲಿ ಕಂಬಿಯನ್ನು ಸರಿಸುವುದು, ಬೇರೆ ಸಾಲಿನಲ್ಲಿ ನುಸುಳುವುದು ಸಣ್ಣ ತಪ್ಪಾಗಿ ಉಳಿಯುವುದಿಲ್ಲ.

ಕ್ಯಾಮೆರಾ

ಸಿಸ್ಟೀನ್ ಚಾಪೆಲ್ ಒಳಗೆ ಫೋಟೊ ನಿಷಿದ್ಧ, ಮಾತೂ ಬೇಡವೆನ್ನುತ್ತಾರೆ. ಬೇರೆಡೆ ಅನುಮತಿ ಇದ್ದರೂ ಪ್ರಾರ್ಥಿಸುತ್ತಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಫ್ಲಾಶ್ ಆರಿಸಿಡಿ, ಡ್ರೋನನ್ನು ಮನೆಯಲ್ಲೇ ಬಿಡಿ. ಶ್ರೀಲಂಕಾದಲ್ಲಿ ಬುದ್ಧಮೂರ್ತಿಗೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುವುದು ಅಗೌರವ. 2012ರಲ್ಲಿ ಮೂರ್ತಿಗೆ ಮುತ್ತಿಡುವಂತೆ ನಿಂತು ಫೋಟೊ ತೆಗೆದುಕೊಂಡಿದ್ದ ಫ್ರೆಂಚ್ ಪ್ರವಾಸಿಗಳಿಗೆ ಅಲ್ಲಿನ ನ್ಯಾಯಾಲಯ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ವಿಧಿಸಿತು. ಪೊಲೀಸರಿಗೆ ಸುದ್ದಿ ಮುಟ್ಟಿಸಿದವರು ಫೋಟೊ ಮುದ್ರಿಸುವ ಅಂಗಡಿಯವರು.

ಮರಳುವಾಗ ಚೀಲದಲ್ಲಿ ಏನಿರಬಾರದು

ನೆಲದ ಮೇಲೆ ಬಿದ್ದಿದ್ದ ಮಡಕೆ ಚೂರು, ಕೈಗೆ ಸಿಕ್ಕ ಬಣ್ಣದ ಕಲ್ಲು, ಇವೆಲ್ಲ ಅವಶೇಷದ ಭಾಗವೇ. 2022ರಲ್ಲಿ ಇರಾಕಿನ ಎರಿಡು ಎಂಬ ಪುರಾತನ ನಗರದ ನೆಲದಿಂದ ಚೂರುಗಳನ್ನು ಎತ್ತಿಕೊಂಡ ಬ್ರಿಟಿಷ್ ಪ್ರವಾಸಿಯೊಬ್ಬರಿಗೆ 15 ವರ್ಷಗಳ ಜೈಲು ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ರದ್ದಾಯಿತಾದರೂ, ಅದಕ್ಕೆ ಮೊದಲು ಅವರು ಸೆರೆಯಲ್ಲಿ ಇರಬೇಕಾಯಿತು. ಟರ್ಕಿಯಲ್ಲಿ ಸಂತೆಯಲ್ಲಿ ಹಣ ಕೊಟ್ಟು ಕೊಂಡ ಹಳೆಯ ನಾಣ್ಯವನ್ನೂ ದೇಶದ ಹೊರಗೆ ಒಯ್ಯುವಂತಿಲ್ಲ. ಸ್ನೇಹಿತರು ಪ್ರೀತಿಯಿಂದ ಕೊಟ್ಟ ಹಳೆಯ ವಸ್ತುವಾದರೂ ವಿಮಾನ ನಿಲ್ದಾಣದ ಅಧಿಕಾರಿಗೆ ಅದು ಪ್ರಾಚ್ಯವಸ್ತುವೇ, ಆದ್ದರಿಂದ ಅನುಮಾನವಿದ್ದರೆ ಊರಿನ ಮ್ಯೂಸಿಯಂನಲ್ಲಿ ವಿಚಾರಿಸಿ, ಪ್ರಾಚ್ಯವಸ್ತುವಲ್ಲವೆಂದು ಬರೆಸಿಕೊಳ್ಳಿ. ನೆನಪಿಗೆ ಏನಾದರೂ ಬೇಕೆಂದರೆ ಮ್ಯೂಸಿಯಂ ಮಳಿಗೆಯಲ್ಲಿ ಪ್ರತಿಕೃತಿ ಸಿಗುತ್ತದೆ. ಅದರ ರಸೀದಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ, ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ.